ನಲವತ್ತು ನಿಮಿಷದ ಟಾಕ್‌ಗೆ ಎಷ್ಟು ಸ್ಲೈಡ್ ಬೇಕು?

ಸಾಫ್ಟ್‌ವೇರ್ ಸಮ್ಮೇಳನದಲ್ಲಿ ಮೊದಲ ಸಲ ಮಾತಾಡಲು ಹೊರಟವರು ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಇದು. ನೇರ ಉತ್ತರ ಬೇಕಿದ್ದರೆ, 25ರ ಆಸುಪಾಸು. ಆದರೆ ಆ ಸಂಖ್ಯೆ ಗೊತ್ತಾಗಬೇಕಾದದ್ದು ತಯಾರಿಯ ಕೊನೆಯಲ್ಲಿ. ಸ್ಲೈಡ್‌ನಿಂದ ಶುರುವಾದ ಟಾಕ್ ಎರಡು ಕಡೆ ಕೈಕೊಡುತ್ತದೆ: ಆಯ್ಕೆ ಸಮಿತಿಯ ಮುಂದೆ, ಆಮೇಲೆ ವೇದಿಕೆಯಲ್ಲಿ ಸಮಯ ಮುಗಿಯುತ್ತ ಬಂದಾಗ. ಹಾಗಾಗಿ ಸ್ಲೈಡ್‌ಗೆ ಮುಂಚಿನ ಕೆಲಸದಿಂದಲೇ ಹೇಳುತ್ತೇನೆ.

ಮೊದಲು ಗಡಿಯಾರ. 40 ನಿಮಿಷದ ಸೆಷನ್‌ನಲ್ಲಿ ಮಾತಿಗೆ 40 ನಿಮಿಷ ಸಿಗುವುದಿಲ್ಲ. ಹಿಂದಿನವರು ಇಳಿದು, ನಿಮ್ಮ ಲ್ಯಾಪ್‌ಟಾಪ್‌ಗೆ ಕೇಬಲ್ ಸಿಕ್ಕಿಸಿ, ಮೈಕ್ ಹಾಕಿ, ನಿರೂಪಕರು ನಿಮ್ಮ ಹೆಸರು ಹೇಳುವಷ್ಟರಲ್ಲಿ 2-3 ನಿಮಿಷ ಹೋಗಿರುತ್ತದೆ. ಪ್ರಶ್ನೆಗಳಿಗೆ 7-8 ನಿಮಿಷ ಬಿಡಬೇಕು. ಉಳಿದ 30ರಲ್ಲಿ 27ಕ್ಕೇ ಮುಗಿಯುವಂತೆ ಕಟ್ಟಿಕೊಳ್ಳಿ, ಏಕೆಂದರೆ ಜನರ ಮುಂದೆ ನಿಂತಾಗ ಹೊಳೆಯುವ ಒಂದೆರಡು ಮಾತು ಸೇರಿಯೇ ಸೇರುತ್ತದೆ. 27 ನಿಮಿಷದಲ್ಲಿ ಒಂದು ವಾದವನ್ನು ಎರಡು ಮೂರು ಆಧಾರ ಕೊಟ್ಟು ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚು ಹೊತ್ತರೆ ಯಾವುದೂ ನಿಲ್ಲುವುದಿಲ್ಲ.

ಆ ಒಂದು ವಾದ ಯಾವುದು ಎಂದು ಹುಡುಕುವುದೇ ತಯಾರಿಯ ಅತಿ ಕಷ್ಟದ ಭಾಗ, ಅತಿ ಹೆಚ್ಚು ಸಮಯ ಕೊಡಬೇಕಾದದ್ದೂ ಇದಕ್ಕೇ. ‘ಯೂನಿಕೋಡ್ ಪರಿಚಯ’ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆ ಯೂನಿಕೋಡ್) ಎಂಬುದು ವಿಷಯ, ವಾದವಲ್ಲ. ಬೆಂಗಳೂರಿನ ಸಭಿಕರು ಪರಿಚಯದ ಟಾಕ್‌ಗಳನ್ನು ಬೇಕಾದಷ್ಟು ಕೇಳಿದ್ದಾರೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಮುಂದೆ ಫಾಸ್ ಡಾಟ್ ಇನ್ ಆದ ಮುಕ್ತ ಸಾಫ್ಟ್‌ವೇರ್ ಸಮ್ಮೇಳನ, 2009ರಲ್ಲಿ ಐಐಎಸ್‌ಸಿಯಲ್ಲಿ ನಡೆದ, ಪೈಥಾನ್ ಭಾಷೆಯವರ ಮೊದಲ ಪೈಕಾನ್ ಇಂಡಿಯಾ, ಹೀಗೆ ಈ ಊರಿಗೆ ಎರಡು ದಶಕಕ್ಕೂ ಮೀರಿದ ಅಭ್ಯಾಸವಿದೆ. ದಾಖಲೆಯಲ್ಲಿ ಓದಿ ತಿಳಿಯಬಹುದಾದದ್ದನ್ನು ಕೇಳಲು ಇಲ್ಲಿ ಯಾರೂ ಶನಿವಾರ ಬಿಟ್ಟುಕೊಡುವುದಿಲ್ಲ.

ಅದೇ ವಿಷಯವನ್ನು ಹೀಗೆ ಕಿರಿದು ಮಾಡಿ ನೋಡಿ. ‘ಕನ್ನಡ’ ಎಂದು ಬರೆದರೆ ಓದುವವರ ಕಣ್ಣಿಗೆ 3 ಅಕ್ಷರ. ಪೈಥಾನ್‌ನ ಲೆನ್ (ಪಠ್ಯದ ಉದ್ದ ಹೇಳುವ ಆಜ್ಞೆ) 5 ಎನ್ನುತ್ತದೆ, ಏಕೆಂದರೆ ಅದು ಕೋಡ್ ಪಾಯಿಂಟ್, ಅಂದರೆ ಯೂನಿಕೋಡ್ ಸಂಖ್ಯೆ ಕೊಟ್ಟಿರುವ ಬಿಡಿ ಚಿಹ್ನೆಗಳನ್ನು, ಎಣಿಸುತ್ತದೆ: ಕ, ನ, ಒತ್ತು ಕೂಡಿಸುವ ಹಲಂತ ಚಿಹ್ನೆ, ನ, ಡ. ಗೋ ಭಾಷೆಯ ಲೆನ್ 15 ಎನ್ನುತ್ತದೆ. ಅದು ಎಣಿಸುವುದು ಬೈಟ್, ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ 3 ಬೈಟ್. ಇದೇ ಪದವನ್ನು 10 ಬೈಟಿಗೆ ಕತ್ತರಿಸಿದರೆ ‘ಕನ್’ ಆದಮೇಲೆ ಒಂದು ಒಂಟಿ ಬೈಟ್ ಉಳಿದು ಇಡೀ ಪಠ್ಯವೇ ಅಸಿಂಧುವಾಗುತ್ತದೆ. ಈಗ ವಾದ ಸಿಕ್ಕಿತು: ಯಾವ ಎಣಿಕೆ ಎಂದು ಹೇಳದೆ ಉದ್ದದ ಮಿತಿ ಹಾಕಿದರೆ, ಎರಡು ಸೇವೆಗಳ ನಡುವೆ ಬಳಕೆದಾರರ ಹೆಸರು ತುಂಡಾಗುತ್ತದೆ. ಕೇಳಿದವರು ಸೋಮವಾರ ಆಫೀಸಿಗೆ ಹೋಗಿ ತಮ್ಮ ಕೋಡ್ ತೆರೆದು ನೋಡುವಂಥ ಮಾತು ಇದು. ಇಂಥ ಒಂದು ವಾಕ್ಯ ಕೈಗೆ ಬರುವವರೆಗೆ ಸ್ಲೈಡ್ ಸಾಫ್ಟ್‌ವೇರ್ ತೆರೆಯಲೇಬೇಡಿ.

ಸಿಎಫ್‌ಪಿಗೆ (ಟಾಕ್‌ಗಳಿಗಾಗಿ ಸಮ್ಮೇಳನದವರು ಕೊಡುವ ಕರೆ) ಕಳಿಸುವ ಪ್ರಸ್ತಾವದಲ್ಲಿ ಆ ವಾಕ್ಯವೇ ಮೊದಲ ಪ್ಯಾರಾದಲ್ಲಿರಲಿ. ಕೆಳಗೆ ನಿಮಿಷ ಹಾಕಿದ ರೂಪರೇಷೆ ಬರೆಯಿರಿ: ತೊಂದರೆ ಏನು, 4 ನಿಮಿಷ, ಮೂರು ಬಗೆಯ ಎಣಿಕೆ, 8, ಡೆಮೊ, 5, ಡೇಟಾಬೇಸ್ ಮತ್ತು ಎಪಿಐನಲ್ಲಿ ಮಾಡಬೇಕಾದ ಬದಲಾವಣೆ, 8, ಮುಕ್ತಾಯ, 2. ನಿಮಿಷವಿಲ್ಲದ ರೂಪರೇಷೆ ಕಂಡರೆ ಪರಿಶೀಲಿಸುವವರಿಗೆ ಇವರು ಸಮಯದೊಳಗೆ ಮುಗಿಸುತ್ತಾರೋ ಇಲ್ಲವೋ ಎಂಬ ಅನುಮಾನ ಬರುತ್ತದೆ, ಅದು ನ್ಯಾಯವಾದದ್ದೇ. ಯಾರಿಗಾಗಿ ಈ ಟಾಕ್, ಅವರಿಗೆ ಮೊದಲೇ ಏನು ಗೊತ್ತಿರಬೇಕು ಎಂಬುದನ್ನೂ ಸೇರಿಸಿ. ಹ್ಯಾಸ್‌ಗೀಕ್ ಸಂಸ್ಥೆಯ ರೂಟ್‌ಕಾನ್ಫ್‌ನಂಥ ಸಮ್ಮೇಳನಗಳಲ್ಲಿ ಪ್ರಸ್ತಾವಗಳು ಎಲ್ಲರಿಗೂ ಕಾಣುವಂತಿರುತ್ತವೆ, ಕೆಳಗೆ ಪ್ರಶ್ನೆಗಳೂ ಬರುತ್ತವೆ. ಅವಕ್ಕೆ ಉತ್ತರಿಸುತ್ತ ಹೋದರೆ ಟಾಕ್‌ನ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಇದೇ ಹಂತದಲ್ಲಿ ಮಾಡಬೇಕಾದ, ಹಲವರು ಮರೆಯುವ ಕೆಲಸವೆಂದರೆ ಕಂಪನಿಯ ಒಪ್ಪಿಗೆ. ಒಳಗಿನ ಆರ್ಕಿಟೆಕ್ಚರ್ ಚಿತ್ರ, ಟ್ರಾಫಿಕ್ ಅಂಕಿ, ಗ್ರಾಹಕರ ಹೆಸರು ಇದ್ದರೆ ಲೀಗಲ್ ವಿಭಾಗದ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು. ಆಯ್ಕೆಯಾದ ಮೇಲೆ ಕೇಳಲು ಹೋದರೆ ಕೊನೆಯ ವಾರ ಅರ್ಧ ಸ್ಲೈಡ್ ಕಿತ್ತು ಹಾಕುವ ಪಾಡು. ನಿಖರ ಅಂಕಿ ತೋರಿಸಲು ಬಿಡದಿದ್ದರೆ ಅನುಪಾತ ತೋರಿಸಲು ಕೇಳಿ. ‘ಮೊದಲಿದ್ದದ್ದರ ಮೂರನೇ ಒಂದು ಭಾಗಕ್ಕೆ ಇಳಿಯಿತು’ ಎಂದರೆ ಕೇಳುವವರಿಗೆ ಸಾಕಾಗುತ್ತದೆ.

ಈಗ ಸ್ಲೈಡ್. ಅಳತೆ 16:9. ಒಂದು ಸ್ಲೈಡ್‌ನಲ್ಲಿ ಕೋಡ್ 12 ಸಾಲು ಮೀರದಿರಲಿ, ಸಾಲಿಗೆ 60 ಅಕ್ಷರ ಮೀರದಿರಲಿ, ಅಕ್ಷರದ ಗಾತ್ರ 28 ಪಾಯಿಂಟ್‌ಗಿಂತ ಕಡಿಮೆ ಬೇಡ. ನಮ್ಮ ಸಭಾಂಗಣಗಳಲ್ಲಿ ದೀಪ ಪೂರ್ತಿ ಆರಿಸುವುದು ಅಪರೂಪ. ಕಪ್ಪು ಹಿನ್ನೆಲೆಯ ಮೇಲೆ ಬೂದು ಬಣ್ಣದ ಕೋಡ್ ಮನೆಯಲ್ಲಿ ಚಂದ ಕಂಡರೂ ಅಲ್ಲಿ ಮಾಸಿಹೋಗುತ್ತದೆ. ಬಿಳಿ ಹಿನ್ನೆಲೆ, ಕಡು ಅಕ್ಷರ ಇಟ್ಟುಕೊಳ್ಳಿ. ನೆಲ ಸಮತಟ್ಟಾಗಿರುವ ಹಾಲ್‌ನಲ್ಲಿ ಹಿಂದೆ ಕೂತವರಿಗೆ ಪರದೆಯ ಕೆಳಭಾಗ ಮುಂದಿನವರ ತಲೆಯಿಂದ ಮುಚ್ಚಿಹೋಗುತ್ತದೆ, ಆದ್ದರಿಂದ ಕೆಳಗಿನ ಐದನೇ ಒಂದು ಭಾಗದಲ್ಲಿ ಮುಖ್ಯವಾದದ್ದೇನೂ ಬೇಡ. ಲೇಸರ್ ಪಾಯಿಂಟರ್ ಬಿಟ್ಟುಬಿಡಿ. ವಿಡಿಯೊದಲ್ಲಿ ಸ್ಲೈಡ್ ಸಾಮಾನ್ಯವಾಗಿ ನೇರವಾಗಿ ಎಚ್‌ಡಿಎಂಐ ಕೇಬಲ್‌ನಿಂದ ದಾಖಲಾಗುತ್ತದೆ, ಕೆಂಪು ಚುಕ್ಕೆ ಅದರಲ್ಲಿ ಬರುವುದೇ ಇಲ್ಲ. ಯಾವ ಸಾಲಿನ ಬಗ್ಗೆ ಹೇಳುತ್ತಿದ್ದೀರೋ ಆ ಸಾಲಿಗೇ ಸ್ಲೈಡ್‌ನಲ್ಲಿ ಬಣ್ಣ ಹಚ್ಚಿ, ಮುಂದಿನ ಸಾಲಿಗೆ ಇನ್ನೊಂದು ಸ್ಲೈಡ್ ಮಾಡಿ. ಹೀಗೆ ಮಾಡಿದರೆ 25 ಹೋಗಿ 40 ಆಗಬಹುದು. ಅದರಿಂದ ತೊಂದರೆಯಿಲ್ಲ, ಒಂದೊಂದೂ ಕೆಲವೇ ಸೆಕೆಂಡು ನಿಲ್ಲುವಂಥವು.

ಕನ್ನಡದಲ್ಲಿ ಮಾತಾಡುವವರಿಗೆ, ಅಥವಾ ಸ್ಲೈಡ್‌ನಲ್ಲಿ ಕನ್ನಡ ಇರುವವರಿಗೆ, ಬೇರೆಯದೇ ಕೆಲವು ಎಚ್ಚರಿಕೆಗಳು ಬೇಕು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬರೆದ ಪಠ್ಯ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ, ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟ್ ಬಳಸಿ, ಕೊನೆಗೆ ಪಿಡಿಎಫ್ ಮಾಡಿ. ಸ್ಲೈಡ್‌ಗೆ ಲೇಟೆಕ್ ಎಂಬ ಪುಟವಿನ್ಯಾಸ ವ್ಯವಸ್ಥೆ ಬಳಸುವವರು ಪಿಡಿಎಫ್-ಲೇಟೆಕ್ ಬಿಟ್ಟು ಝೀಲೇಟೆಕ್ ಅಥವಾ ಲುವಾಲೇಟೆಕ್‌ಗೆ ಹೋಗಬೇಕು; ಒತ್ತಕ್ಷರ ಕೂಡಿಸುವ ಕೆಲಸ ಮೊದಲನೆಯದರಲ್ಲಿ ಆಗುವುದಿಲ್ಲ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಟರ್ಮಿನಲ್ ಅನ್ನಂತೂ ನಂಬಬೇಡಿ: ಅದು ಪ್ರತಿ ಅಕ್ಷರವನ್ನೂ ಒಂದೇ ಅಳತೆಯ ಚೌಕದಲ್ಲಿ ಕೂರಿಸಲು ನೋಡುತ್ತದೆ, ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತುಗಳು ಚದುರಿಹೋಗುತ್ತವೆ. ಮೇಲಿನ ಯೂನಿಕೋಡ್ ಡೆಮೊವನ್ನು ಬ್ರೌಸರ್‌ನಲ್ಲೇ ತೋರಿಸಬೇಕಾದದ್ದು ಇದಕ್ಕೇ. ಪರಿಭಾಷೆಯ ವಿಷಯದಲ್ಲಿ ಕಷ್ಟಪಡಬೇಡಿ. ಕ್ಯಾಶ್, ಥ್ರೆಡ್, ಡಿಪ್ಲಾಯ್ ಹಾಗೇ ಇರಲಿ, ವಾಕ್ಯ ಕನ್ನಡದ್ದಾಗಿದ್ದರೆ ಸಾಕು.

ಡೆಮೊ ಬಗ್ಗೆ ನನ್ನ ಅಭಿಪ್ರಾಯ ಖಚಿತ: 5 ನಿಮಿಷ ಮೀರಬಾರದು, ಇಂಟರ್ನೆಟ್ ಬೇಡವೇ ಬೇಡ. ಹಾಲ್‌ನ ವೈಫೈ ಮನೆಯ ವೈಫೈ ಹಾಗಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ (1, 6, 11). ನೂರಾರು ಫೋನ್ ಇರುವ ಕೋಣೆಯಲ್ಲಿ ನಿಮ್ಮ ಸ್ವಂತ ಹಾಟ್‌ಸ್ಪಾಟ್ ಕೂಡ ಆ ಗದ್ದಲದಲ್ಲೇ ಸಿಕ್ಕಿಕೊಳ್ಳುತ್ತದೆ. ನೆಟ್ ಇಲ್ಲದೆ ಆಗುವುದೇ ಇಲ್ಲವೆಂದಾದರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಮಾಡಿ, ಆಗ ಕೊನೆಪಕ್ಷ ವೈಫೈ ಗದ್ದಲ ತಪ್ಪುತ್ತದೆ. ಡೆಮೊದ ಪ್ರತಿ ಹಂತಕ್ಕೂ ಗಿಟ್‌ನಲ್ಲಿ (ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಸಾಧನ) ಒಂದು ಟ್ಯಾಗ್ ಹಾಕಿ: ಮೂರನೇ ಹಂತ ಕೆಟ್ಟರೆ ನಾಲ್ಕಕ್ಕೆ ಜಿಗಿಯಬಹುದು. ಇಡೀ ಡೆಮೊ ಮೊದಲೇ ರೆಕಾರ್ಡ್ ಮಾಡಿ ವಿಡಿಯೊ ಇಟ್ಟುಕೊಳ್ಳಿ, ಎರಡು ಸಲ ಪ್ರಯತ್ನಿಸಿ ಆಗದಿದ್ದರೆ ಅದನ್ನೇ ತೋರಿಸಿ. ನೂರು ಜನರ ಮುಂದೆ ಡೀಬಗ್ ಮಾಡಲು ಕೂತರೆ ಸಮಯವೂ ಹೋಗುತ್ತದೆ, ವಾದವೂ ಹೋಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಡೆಮೊಗೆಂದೇ ಹೊಸ ಯೂಸರ್ ಅಕೌಂಟ್ ಮಾಡಿಕೊಳ್ಳಿ. ಅಲ್ಲಿ ಚಾಟ್ ನೋಟಿಫಿಕೇಶನ್ ಇರುವುದಿಲ್ಲ, ಬ್ರೌಸರ್‌ನಲ್ಲಿ ಹಳೆಯ ವಿಳಾಸ ತಾನಾಗಿ ಮೂಡುವುದಿಲ್ಲ, ಟರ್ಮಿನಲ್‌ನ ಹಿಸ್ಟರಿಯಲ್ಲಿ ಆಫೀಸಿನ ಸರ್ವರ್ ಹೆಸರು ಇರುವುದಿಲ್ಲ. ಪಾಸ್‌ವರ್ಡ್ ಅಥವಾ ಎಪಿಐ ಟೋಕನ್ ಒಂದು ಸೆಕೆಂಡ್ ಪರದೆಯ ಮೇಲೆ ಬಂದರೂ ಅದು ವಿಡಿಯೊದಲ್ಲಿ ಶಾಶ್ವತ, ಯಾರು ಬೇಕಾದರೂ ನಿಲ್ಲಿಸಿ ನಕಲು ಮಾಡಿಕೊಳ್ಳಬಹುದು. ಡೆಮೊಗೆ ಬೇರೆ ಟೋಕನ್ ಮಾಡಿಕೊಂಡು, ವೇದಿಕೆ ಇಳಿದ ಕೂಡಲೇ ರದ್ದು ಮಾಡಿ.

ವರ್ಕ್‌ಶಾಪ್ ನಡೆಸುವವರಿಗೆ ಕಷ್ಟ ಇನ್ನೂ ಹೆಚ್ಚು, ಬೆಂಗಳೂರಿನಲ್ಲಿ ಅದರ ಮುಖ್ಯ ಕಾರಣ ಆಫೀಸ್ ಲ್ಯಾಪ್‌ಟಾಪ್. ಬಂದವರಲ್ಲಿ ಬಹಳ ಮಂದಿಗೆ ಅಡ್ಮಿನ್ ಹಕ್ಕು ಇರುವುದಿಲ್ಲ, ಪೆನ್‌ಡ್ರೈವ್ ನಡೆಯುವುದಿಲ್ಲ, ವಿಪಿಎನ್ ಇಲ್ಲದೆ ಏನೂ ಡೌನ್‌ಲೋಡ್ ಆಗುವುದಿಲ್ಲ. ಒಂದು ವಾರ ಮೊದಲೇ ಸೂಚನೆ ಕಳಿಸಿ, ಅದರಲ್ಲಿ ಎಲ್ಲ ಸರಿಯಿದೆಯೇ ಎಂದು ನೋಡುವ ಒಂದೇ ಸಾಲಿನ ಪರೀಕ್ಷೆ ಇರಲಿ. ಹಾಗಿದ್ದರೂ ಕೆಲವರು ಏನೂ ಮಾಡದೆ ಬರುತ್ತಾರೆ ಎಂದೇ ಇಟ್ಟುಕೊಂಡು, ಜ್ಯುಪಿಟರ್‌ಲೈಟ್‌ನಂತೆ ಏನೂ ಇನ್‌ಸ್ಟಾಲ್ ಮಾಡದೆ ಕೋಡ್ ಬ್ರೌಸರ್‌ನಲ್ಲೇ ಓಡುವ ದಾರಿಯೊಂದನ್ನು ಸಿದ್ಧವಿಡಿ. ಡಾಕರ್ (ಸಾಫ್ಟ್‌ವೇರನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ‘ಇಮೇಜ್’ ಎಂಬ ಒಂದೇ ಕಟ್ಟಾಗಿ ಕೊಡುವ ಸಾಧನ) ಬಳಸುವವರು ಇನ್ನೊಂದನ್ನು ಗಮನಿಸಬೇಕು. ಲಾಗಿನ್ ಆಗದವರ ಪುಲ್‌ಗಳಿಗೆ (ಇಮೇಜ್ ಇಳಿಸಿಕೊಳ್ಳುವುದಕ್ಕೆ) ಇಮೇಜ್‌ಗಳ ಸಂಗ್ರಹವಾದ ಡಾಕರ್ ಹಬ್ 2020ರ ನವೆಂಬರ್‌ನಿಂದ ಐಪಿ ವಿಳಾಸದ ಲೆಕ್ಕದಲ್ಲಿ ಮಿತಿ ಹಾಕಿದೆ. ಹಾಲ್‌ನಲ್ಲಿ ಎಲ್ಲರೂ ಹೊರಹೋಗುವುದು ಒಂದೇ ವಿಳಾಸದಿಂದ, ಹಾಗಾಗಿ ಕೆಲವರಿಗೆ ಇಮೇಜ್ ಸಿಕ್ಕು ಉಳಿದವರಿಗೆ ದೋಷ ಬರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಸ್ಥಳೀಯ ರಿಜಿಸ್ಟ್ರಿ (ಅಂಥದೇ ಇಮೇಜ್ ಸಂಗ್ರಹ) ಓಡಿಸಿ, ಆ ನೆಟ್‌ವರ್ಕ್‌ನಲ್ಲಿ ಒಂದು ಯಂತ್ರಕ್ಕೆ ಇನ್ನೊಂದು ಕಾಣುತ್ತದೆಯೇ ಎಂದು ಆಯೋಜಕರನ್ನು ಮೊದಲೇ ಕೇಳಿ. ಆಪಲ್‌ನ ಎಂ ಸರಣಿಯ ಮ್ಯಾಕ್‌ಗಳಿಗೆ ಅವುಗಳ ಆರ್ಮ್ ಬಗೆಯ ಚಿಪ್‌ಗೆ ಹೊಂದುವ ಇಮೇಜ್ ಬೇರೆ ಬೇಕು. 40 ಜನಕ್ಕೆ ಮೂವರು ಸಹಾಯಕರು ಇದ್ದರೆ ಒಳ್ಳೆಯದು. ಇಬ್ಬರಿಗಿಂತ ಕಡಿಮೆಯಾದರೆ ನೀವು ಪಾಠ ಬಿಟ್ಟು ಸಾಲುಸಾಲು ಓಡಾಡುತ್ತಿರುತ್ತೀರಿ.

ತಾಲೀಮು ಮೂರು ಬಗೆಯದು ಬೇಕು. ಮೊದಲು ಒಬ್ಬರೇ, ಗಡಿಯಾರ ಇಟ್ಟುಕೊಂಡು, ನಿಂತು, ಗಟ್ಟಿಯಾಗಿ. ಮನಸ್ಸಿನಲ್ಲೇ ಓದಿಕೊಂಡರೆ ಸಮಯ ಗೊತ್ತಾಗುವುದಿಲ್ಲ. ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್‌ನ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ, ನಮ್ಮ ಪದಗಳು ಉದ್ದ. ಎರಡನೆಯದು ನಿಮ್ಮ ತಂಡದವರಲ್ಲದ ಒಬ್ಬರ ಮುಂದೆ. ಅವರು ಎಲ್ಲಿ ಮುಖ ಗಂಟುಹಾಕುತ್ತಾರೋ ಅಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ. ಮೂರನೆಯದು ಬೆಂಗಳೂರಿನ ಪೈಥಾನ್ ಬಳಗವಾದ ಬ್ಯಾಂಗ್‌ಪೈಪರ್ಸ್‌ನಂಥ ಮೀಟಪ್‌ನಲ್ಲಿ, ನಿಜವಾದ ಪ್ರಶ್ನೆ ಕೇಳುವ ಜನರ ಮುಂದೆ. ಈ ಹೊತ್ತಿಗೆ ಎರಡು ಗುರುತು ಮಾಡಿಕೊಂಡಿರಿ: ಯಾವ ಸ್ಲೈಡ್‌ನಲ್ಲಿ ಎಷ್ಟು ನಿಮಿಷ ಆಗಿರಬೇಕು, ಮತ್ತು ತಡವಾದರೆ ಯಾವ ಭಾಗ ಪೂರ್ತಿ ಬಿಡಬಹುದು. ತಡವಾದಾಗ ವೇಗವಾಗಿ ಮಾತಾಡಬೇಡಿ, ಆ ಭಾಗ ಬಿಟ್ಟುಬಿಡಿ.

ಆ ದಿನ ನಿಮ್ಮ ಸೆಷನ್‌ಗೆ ಮುಂಚಿನ ವಿರಾಮದಲ್ಲೇ ವೇದಿಕೆಗೆ ಹೋಗಿ ಕೇಬಲ್ ಸಿಕ್ಕಿಸಿ ನೋಡಿ. 2024ರ ಪೈಕಾನ್ ಇಂಡಿಯಾ ನಡೆದ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್ ಹೊಸೂರು ರಸ್ತೆಯಲ್ಲಿದೆ. ಸಿಲ್ಕ್ ಬೋರ್ಡ್, ಡೈರಿ ಸರ್ಕಲ್ ದಾಟಿ ಬರುವವರು ಸೆಪ್ಟೆಂಬರ್ ಮಳೆಯನ್ನೂ ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ಎಲ್ಲ ಯುಎಸ್‌ಬಿ-ಸಿ ಕಿಂಡಿಯಿಂದಲೂ ಚಿತ್ರ ಬರುವುದಿಲ್ಲ, ನಿಮ್ಮದರಿಂದ ಬರುತ್ತದೆಯೇ ಎಂದು ಮನೆಯಲ್ಲೇ ಖಚಿತ ಮಾಡಿಕೊಂಡು ಅಡಾಪ್ಟರ್ ನೀವೇ ಒಯ್ಯಿರಿ. ಪರದೆಯ ಅಳತೆಯನ್ನು 1920×1080ಕ್ಕೆ ಇಳಿಸಿ. ಪಿಡಿಎಫ್ ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ.

ಟೈಪ್ ಮಾಡಿ ತೋರಿಸುವವರು ಕಾಲರ್ ಮೈಕ್ ಬೇಕೆಂದು ಮೊದಲೇ ತಿಳಿಸಿ, ಕೈಮೈಕ್ ಹಿಡಿದು ಎರಡು ಕೈಯಲ್ಲಿ ಟೈಪ್ ಮಾಡಲಾಗದು. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗಿರಲಿ. ಕೊರಳಿನ ಐಡಿ ಕಾರ್ಡ್ ತೆಗೆದಿಡಿ. ಅದು ಮೈಕ್‌ಗೆ ಬಡಿದು ವಿಡಿಯೊ ಉದ್ದಕ್ಕೂ ಟಕಟಕ ಕೇಳುತ್ತದೆ. ಮೈಕ್‌ನ ಟ್ರಾನ್ಸ್‌ಮಿಟರ್ ಸಿಕ್ಕಿಸಲು ಸೊಂಟದ ಪಟ್ಟಿಯೋ ಗಟ್ಟಿ ಜೇಬೋ ಬೇಕು, ಸೀರೆ ಅಥವಾ ಜೇಬಿಲ್ಲದ ಕುರ್ತಾ ಉಡುವವರು ಇದನ್ನು ಯೋಚಿಸಿಕೊಂಡು ಬನ್ನಿ.

ಪ್ರಶ್ನೆ ಬಂದಾಗ ಮೊದಲು ಅದನ್ನು ನಿಮ್ಮ ಮೈಕ್‌ನಲ್ಲಿ ಮತ್ತೆ ಹೇಳಿ, ಆಮೇಲೆ ಉತ್ತರಿಸಿ. ವಿಡಿಯೊ ನೋಡುವವರಿಗೆ ಪ್ರಶ್ನೆ ಕೇಳುವುದು ಹಾಗೆ ಮಾತ್ರ, ನಿಮಗೂ ಯೋಚಿಸಲು ಐದು ಸೆಕೆಂಡ್ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆ ಹೊತ್ತಿನಲ್ಲಿ ಪರದೆಯ ಮೇಲೆ ‘ಧನ್ಯವಾದ’ ಎಂಬ ಸ್ಲೈಡ್ ನಿಲ್ಲಿಸಬೇಡಿ. ಇಡೀ ಟಾಕ್‌ನಲ್ಲಿ ಅತಿ ಹೆಚ್ಚು ಹೊತ್ತು ಕಾಣುವ ಸ್ಲೈಡ್ ಅದು. ಅಲ್ಲಿ ನಿಮ್ಮ ವಾದದ ಆ ಒಂದು ವಾಕ್ಯ ಮತ್ತು ಸ್ಲೈಡ್, ಕೋಡ್ ಸಿಗುವ ಕ್ಯೂಆರ್ ಕೋಡ್ ಇರಲಿ, ದೊಡ್ಡದಾಗಿ, ಪರದೆಯ ಮೇಲರ್ಧದಲ್ಲಿ.