ನೈಟ್ ಮುಗಿಸಿದವರಿಗೆ ಬೆಳಿಗ್ಗೆ ಧ್ಯಾನದ ತರಬೇತಿ

ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣಕ್ಕೆ, ಉಸಿರಿಗೆ ಗಮನ ಕೊಡುವ ಧ್ಯಾನ ಎಂದರೆ ಸಾಕು, ನಮ್ಮ ಹೆರಿಗೆ ವಾರ್ಡಿನಲ್ಲಿ ಈಗಲೂ ಕೆಲವರು ಮುಖ ಗಂಟಿಕ್ಕುತ್ತಾರೆ. ಅವರ ಸಿಟ್ಟಿಗೆ ಕಾರಣವಿದೆ. ಆದರೂ ಅದು ನಮಗೆ ಬೇಕೇ ಬೇಕು ಎನ್ನುವವಳು ನಾನು. ಅದನ್ನು ನಮ್ಮ ತಲೆಗೆ ಕಟ್ಟಿದ ರೀತಿ ನೆನೆದರೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ತರಬೇತಿಯ ಹಿಂದಿನ ರಾತ್ರಿ ಲೇಬರ್ ರೂಮಿನಲ್ಲಿ ಇದ್ದದ್ದು ನಾನು, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಒಬ್ಬ ಹುಡುಗಿ ಮತ್ತು ಆಯಾ. ಇನ್ನೊಬ್ಬ ಸಿಸ್ಟರ್ ರಜೆಯಲ್ಲಿದ್ದರು, ಬದಲಿ ಯಾರನ್ನೂ ಹಾಕಿರಲಿಲ್ಲ. ಒಂದು ಟೇಬಲ್ಲಿನಲ್ಲಿ ಹೆರಿಗೆ ಸಲೀಸಾಗಿ ಆಯಿತು, ಮಗು ಚೆನ್ನಾಗಿ ಅತ್ತಿತು. ಗರ್ಭಕೋಶ ಬಿಗಿಯಾಗಲೆಂದು ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟಾಗಿತ್ತು, ಪ್ಲಸೆಂಟಾ (ಮಾಸು) ಪೂರ್ತಿ ಬಂದಿತ್ತು. ಗರ್ಭಕೋಶ ಗಟ್ಟಿಯಿದೆಯೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಿದ್ದ ಹುಡುಗಿ, "ಅಕ್ಕಾ, ಮೆತ್ತಗಾಗ್ತಿದೆ" ಎಂದಳು. ನಾನು ಕೆಳಗೆ ನೋಡುವಷ್ಟರಲ್ಲಿ ಶೀಟು ತೊಯ್ದುಹೋಗಿತ್ತು.

ಪಿಪಿಎಚ್‌ನಲ್ಲಿ, ಅಂದರೆ ಹೆರಿಗೆಯ ನಂತರ ವಿಪರೀತ ರಕ್ತ ಹೋಗುವಾಗ, ಏನೇನು ಮಾಡಬೇಕೆಂದು ನಮಗೆ ಬಾಯಿಪಾಠ. ಮಸಾಜ್, ಎರಡು ಕಡೆ ವೆಯ್ನ್‌ಗೆ (ರಕ್ತನಾಳಕ್ಕೆ) ದಪ್ಪ ಕ್ಯಾನುಲಾ ಸೂಜಿ, ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾ 1 ಗ್ರಾಂ ನಿಧಾನಕ್ಕೆ, ಕ್ಯಾಥೆಟರ್, ಬ್ಲಡ್ ಬ್ಯಾಂಕಿಗೆ ಆಳು, ಡ್ಯೂಟಿ ಡಾಕ್ಟರಿಗೆ ಫೋನು. ಆದರೆ ಆ ಹೊತ್ತಿಗೆ ಎಲ್ಲವೂ ಒಟ್ಟಿಗೇ ನುಗ್ಗುತ್ತವೆ. ಬಾಗಿಲಲ್ಲಿ ಬಾಣಂತಿಯ ಅತ್ತೆ, ತಾಯಿ ಕಾರ್ಡ್ ಹಿಡಿದು, "ಏನಾಯ್ತು ಸಿಸ್ಟರಮ್ಮಾ" ಎಂದು ಕೂಗುತ್ತಿದ್ದಳು, ಪಕ್ಕದ ಟೇಬಲ್ಲಿನವಳು ಮುಕ್ಕತೊಡಗಿದ್ದಳು. ಹುಡುಗಿಯ ಕೈ ನಡುಗಿ ವೆಯ್ನ್ ತಪ್ಪಿತು, ಮತ್ತೊಂದು ಸಲವೂ ತಪ್ಪಿತು. ನನ್ನ ಎರಡೂ ಕೈ ಗರ್ಭಕೋಶವನ್ನು ಒತ್ತಿಹಿಡಿದಿದ್ದವು, ಬಿಡುವಂತಿರಲಿಲ್ಲ. ದನಿ ಏರಿಸದೆ ಅವಳ ಹೆಸರು ಹಿಡಿದು ಕರೆದೆ. "ಎರಡೂ ಪಾದ ನೆಲಕ್ಕೆ ಊರು. ಉಸಿರು ಪೂರ್ತಿ ಬಿಡು. ಈಗ ಆ ವೆಯ್ನ್ ಒಂದನ್ನೇ ನೋಡು" ಎಂದೆ. ಅವಳು ಉಸಿರು ಬಿಟ್ಟಳು, ಕ್ಯಾನುಲಾ ಒಳಗೆ ಹೋಯಿತು.

ಇದನ್ನು ನನಗೆ ಯಾವ ತರಬೇತಿಯೂ ಕಲಿಸಿದ್ದಲ್ಲ. ಹಿಂದೆ ನಮ್ಮ ಇನ್‌ಚಾರ್ಜ್ ಆಗಿದ್ದ ಹಿರಿಯ ಸಿಸ್ಟರೊಬ್ಬರು ಹೀಗೆಯೇ ಮಾಡುತ್ತಿದ್ದರು. ಗಾಬರಿಯಾದಾಗ ಕಣ್ಣು ಹತ್ತು ಕಡೆ ಓಡುತ್ತದೆ, ಕೈ ಮಾತು ಕೇಳುವುದಿಲ್ಲ. ಪಾದದಡಿಯ ನೆಲದ ಕಡೆಗೆ ಒಂದು ಕ್ಷಣ ಗಮನ ಹೋದರೆ ಕೈ ಮತ್ತೆ ಹಿಡಿತಕ್ಕೆ ಬರುತ್ತದೆ.

ಡಾಕ್ಟರ್ ಓಡಿಬಂದರು. ಗರ್ಭಕೋಶ ಬಿಗಿಯಾಗಲು ಕಾರ್ಬೊಪ್ರೊಸ್ಟ್ ಕೊಟ್ಟರು, ರಕ್ತ ತಡೆಯಲು ಗರ್ಭಕೋಶದೊಳಗೆ ಬಲೂನ್ ಹಾಕಿದರು, ರಕ್ತ ಏರಿಸಿದರು. ಆಪರೇಷನ್ ಥಿಯೇಟರಿಗೆ ಸಾಗಿಸುವ ಮೊದಲೇ ನಾಡಿ ಕೈಗೆ ಸಿಗದಾಯಿತು. ಸಿಪಿಆರ್ ಮಾಡಿದೆವು. ಎಲ್ಲ ಮಾಡಿಯೂ ಆ ಬಾಣಂತಿ ಉಳಿಯಲಿಲ್ಲ. ಡಾಕ್ಟರ್ ಸಾವಿನ ಹೊತ್ತು ಹೇಳಿದರು, ಹುಡುಗಿ ಕೇಸ್‌ಶೀಟಿನಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ಪಕ್ಕದ ಟೇಬಲ್ಲಿನಲ್ಲಿ ತಲೆ ಕಾಣಿಸಿತು. ಏಪ್ರನ್ ಬದಲಿಸಿ, ಗ್ಲೌಸ್ ಹಾಕಿಕೊಂಡು ಹುಡುಗಿ ಅಲ್ಲಿಗೆ ಹೋಗಿ "ಇನ್ನೊಂಚೂರು ಮುಕ್ಕಮ್ಮಾ, ಬಂತು ಬಂತು" ಎಂದಳು. ಆ ದನಿ ಒಂಚೂರೂ ನಡುಗಲಿಲ್ಲ. ಗಂಡು ಮಗು. ಆ ಮನೆಯವರು ಖುಷಿಯಿಂದ ಪೇಡೆ ಡಬ್ಬಿಯನ್ನು ಅವಳ ಕೈಗಿಟ್ಟರು. ಕಾರಿಡಾರಿನ ಆ ತುದಿಯಲ್ಲಿ ಸತ್ತವಳ ಅತ್ತೆ ನೆಲಕ್ಕೆ ಕುಸಿದು ಗೋಳಾಡುತ್ತಿದ್ದಳು. ಡಬ್ಬಿ ಹಿಡಿದುಕೊಂಡು ಈ ಹುಡುಗಿ ಎತ್ತ ನೋಡಬೇಕೆಂದು ತಿಳಿಯದೆ ನಿಂತಿದ್ದಳು.

ಹ್ಯಾಂಡೋವರ್ ಮುಗಿಯಿತು. ಸಾವಿನ ಕಾರಣ ಪರಿಶೀಲಿಸುವ ಡೆತ್ ರಿವ್ಯೂಗೆ ಬೇಕಾದ ಕಾಗದವೆಲ್ಲ ಬರೆದಿಟ್ಟೆವು. ಇನ್ನು ಮನೆಗೆ ಹೊರಡಬೇಕು ಎನ್ನುವಾಗ ಆಫೀಸಿನಿಂದ ಸುತ್ತೋಲೆ ಬಂತು: ಒತ್ತಡ ನಿರ್ವಹಣೆ ತರಬೇತಿ, ಒಂಬತ್ತೂವರೆಗೆ ಸಭಾಂಗಣದಲ್ಲಿ, ನೈಟ್ ಸ್ಟಾಫ್ ಕೂಡ ಕಡ್ಡಾಯ, ಹಾಜರಿ ಪುಸ್ತಕದಲ್ಲಿ ಸಹಿ. "ಇವಳನ್ನಾದರೂ ಬಿಡಿ ಸಾರ್" ಎಂದು ಕೇಳಿದೆ. ಬಿಡಲಿಲ್ಲ. ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದಾಗ ಅವಳು ಕೂತಲ್ಲೇ ನಿದ್ದೆಗೆ ಜಾರಿದಳು. ಹಿಂದಿನಿಂದ ಅಧಿಕಾರಿಯೊಬ್ಬರು, "ನಿದ್ದೆ ಮಾಡೋಕೆ ಕರೆದಿಲ್ಲಮ್ಮ ಇಲ್ಲಿ" ಎಂದು ಎಲ್ಲರೆದುರು ಗದರಿದರು. ರಾತ್ರಿಯೆಲ್ಲ ಅಳದವಳು ಆಗ ಅತ್ತಳು.

ತರಬೇತಿ ಕೊಡಲು ಬಂದವರನ್ನು ನಾನು ದೂರುವುದಿಲ್ಲ, ಅವರು ಹೇಳಿದ್ದರಲ್ಲಿ ಸತ್ವವಿತ್ತು. ಜಾನ್ ಕಬಾಟ್-ಝಿನ್ ಎಂಬವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮೈಂಡ್‌ಫುಲ್‌ನೆಸ್‌ನ ಈ ಕ್ರಮವನ್ನು ಶುರುಮಾಡಿದ್ದು ವಾಸಿಯಾಗದ ನೋವಿನಿಂದ ನರಳುವ ರೋಗಿಗಳಿಗಾಗಿ. ಅದು 8 ವಾರಗಳ ಅಭ್ಯಾಸ, ವಾರವಾರವೂ ಕೂತು ಕಲಿಯುವಂಥದ್ದು. ನಮ್ಮಲ್ಲಿ ಅದನ್ನು ಒಂದೇ ಬೆಳಿಗ್ಗೆಗೆ ಇಳಿಸಿ, ಗ್ರೂಪ್ ಫೋಟೊ ತೆಗೆದು, ಇನ್ನು ನೀವೆಲ್ಲ ಗಟ್ಟಿಯಾದಿರಿ ಎಂದು ಕಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು, ಅಂದರೆ ಕೆಲಸದಿಂದ ಸುಸ್ತಾಗಿ ಸೋಲುವುದನ್ನು, ಕಾಯಿಲೆಗಳ ತನ್ನ ಪಟ್ಟಿಯಾದ ಐಸಿಡಿ-11ರಲ್ಲಿ ವಿವರಿಸಿದಾಗ ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಜಾಗದಲ್ಲಿ ಬಹುಕಾಲ ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದ ಫಲ ಎಂದಿತು. ಬಸವಳಿಯುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನ ಕೈಲಿ ಏನೂ ಆಗದು ಅನ್ನಿಸುವುದು: ಈ ಮೂರನ್ನೂ ನಾನು ನನ್ನ ಜೊತೆಯವರಲ್ಲಿ ಕಂಡಿದ್ದೇನೆ. ಉಸಿರನ್ನು ನಾವು ನೋಡಿಕೊಳ್ಳಬಹುದು. ಯಾರಿಗೆ ಯಾವ ಪಾಳಿ ಎಂದು ರೋಸ್ಟರ್ ಹಾಕುವವರು ಬೇರೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ರಜೆಗೆಂದೇ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕೆಂದಿದೆ. ಆ ರಾತ್ರಿ ಬರಬೇಕಿದ್ದ ಬದಲಿ ಸಿಸ್ಟರ್ ಆ ಲೆಕ್ಕದಲ್ಲಿ ಇರಬೇಕಿತ್ತು.

ಹಾಗೆಂದು ಸಿಬ್ಬಂದಿ ಬರುವ ತನಕ ಕಾಯುತ್ತ ಕೂರಲು ನಮ್ಮ ಹುಡುಗಿಯರಿಗೆ ಸಾಧ್ಯವಿಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಂದು ರೂಢಿ ತಂದರು. ರೋಗಿ ತೀರಿಕೊಂಡ ಮೇಲೆ ಸುತ್ತ ಇದ್ದವರೆಲ್ಲ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲುವುದು. ಹೋದವರು ಯಾರದೋ ಮಗಳು, ಯಾರದೋ ತಾಯಿ ಎಂದು ನೆನೆಯುವುದು, ಉಳಿಸಲು ದುಡಿದವರನ್ನೂ ನೆನೆಯುವುದು. ಇದನ್ನು ಓದಿದ ಮೇಲೆ ನಮ್ಮ ವಾರ್ಡಿನಲ್ಲೂ ಶುರುಮಾಡಿದೆವು. ಡಾಕ್ಟರಿಂದ ಆಯಾವರೆಗೆ ಯಾರಿದ್ದರೂ ಸೇರುತ್ತಾರೆ. ದೇವರ ಹೆಸರು ಹೇಳುವುದಿಲ್ಲ, ಭಾಷಣವಿಲ್ಲ. ಮೊದಮೊದಲು ಕೆಲವರಿಗೆ ಮುಜುಗರವಾಯಿತು. ಈಗ ಆಯಾ ತಾವಾಗಿಯೇ ಬಾಗಿಲು ಎಳೆದುಕೊಂಡು ನಿಲ್ಲುತ್ತಾರೆ.

ಇನ್ನೊಂದಕ್ಕೆ ಬಿಡುವೇ ಬೇಕಿಲ್ಲ. ಒಬ್ಬರನ್ನು ಮುಟ್ಟಿ ಇನ್ನೊಬ್ಬರ ಹತ್ತಿರ ಹೋಗುವಾಗ ಹೇಗೂ ಕೈ ಶುಚಿಗೆ ಹ್ಯಾಂಡ್‌ರಬ್ ಹಾಕುತ್ತೇವೆ, ಸರಿಯಾಗಿ ಉಜ್ಜಿದರೆ 20ರಿಂದ 30 ಸೆಕೆಂಡು. ಆ ಹೊತ್ತಿನಲ್ಲಿ ಮುಂದಿನ ಕೆಲಸ ಲೆಕ್ಕ ಹಾಕುವ ಬದಲು ಕೈಯ ತಂಪನ್ನೇ ಗಮನಿಸಿ, ಒಂದು ಉಸಿರನ್ನು ಪೂರ್ತಿ ಬಿಡಿ. ಹಿಂದಿನ ಹಾಸಿಗೆಯ ದುಃಖ ಅಷ್ಟಕ್ಕೇ ಕರಗುವುದಿಲ್ಲ. ಮುಂದಿನ ಹಾಸಿಗೆಯವಳ ಮೇಲೆ ರೇಗುವುದು ಮಾತ್ರ ಕಡಿಮೆಯಾಗುತ್ತದೆ, ಇದನ್ನು ನಮ್ಮ ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೇನೆ.

ನಿದ್ದೆ ಬಾರದೆ, ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿದ್ದರೆ ಇಷ್ಟೇ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆ ಹುಡುಗಿಗೂ ನಾನೇ ನಂಬರು ಕೊಟ್ಟೆ, ಅವಳು ಮಾತಾಡಿದಳು. ಈಗ ಹೊಸಬರಿಗೆ ಕ್ಯಾನುಲಾ ಹಾಕುವುದನ್ನು ಅವಳೇ ಕಲಿಸುತ್ತಾಳೆ.

ಆಫೀಸಿಗೆ ನಾವು ಬರೆದುಕೊಟ್ಟ ಬೇಡಿಕೆ ಮೂರು: ವಾರ್ಡಿನಲ್ಲಿ ಸಾವಾದರೆ ಆ ಪಾಳಿಯವರಿಗೆ ಮುಖ ತೊಳೆದು ಟೀ ಕುಡಿದು ಬರಲು ಬೇರೆ ವಾರ್ಡಿನಿಂದ ಒಬ್ಬರನ್ನು ಕಳಿಸಬೇಕು, ನೈಟ್ ಮುಗಿಸಿದವರನ್ನು ಯಾವ ತರಬೇತಿಗೂ ಕೂರಿಸಬಾರದು, ತರಬೇತಿ ಡ್ಯೂಟಿ ಅವಧಿಯಲ್ಲೇ, ವಾರವಾರವೂ ನಡೆಯಬೇಕು. ಎರಡನೆಯದಕ್ಕೆ ಒಪ್ಪಿಗೆ ಸಿಕ್ಕಿದೆ. ಉಳಿದೆರಡನ್ನು ಪ್ರತಿ ತಿಂಗಳ ಮೀಟಿಂಗಿನಲ್ಲೂ ಎದ್ದು ಕೇಳುತ್ತಿದ್ದೇನೆ.