ಇಲ್ಲ, ದನದ ಕೊಬ್ಬು ಹಾಕುವುದಿಲ್ಲ

ಹಂದಿಯದ್ದೂ ಹಾಕುವುದಿಲ್ಲ. ಜೇನುಮೇಣ, ಕೊಬ್ಬರಿ ಎಣ್ಣೆ ಹಾಕುತ್ತೇನೆ. ಆಯಿತಲ್ವಾ?

ಹೊಸಬರಿಗೆ ಹೇಳಬೇಕೆಂದರೆ, ನಾನು ಹಳೇ ಕಾಲದ ಕಾಗದದ ತೋಟಾಗಳ, ಅಂದರೆ ಒಂದು ಸಲಕ್ಕಾಗುವ ಮದ್ದು-ಗುಂಡು ಸುತ್ತಿಟ್ಟ ಪೊಟ್ಟಣಗಳ, ನಕಲು ಮಾಡುತ್ತೇನೆ. ಜಾಸ್ತಿ ಮಾಡುವುದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನದ್ದು. ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ತುಂಬುವ ಬಂದೂಕು ಅದು. ಅದರ ತೋಟಾಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆ ಅನ್ನುವ ಮಾತು 1857ರ ಸಿಪಾಯಿ ದಂಗೆಗೆ ಒಂದು ಕಾರಣ. ನನ್ನ ತೋಟಾದೊಳಗೆ ಮದ್ದಿಲ್ಲ, ರಾಗಿ ಇದೆ. ಗುಂಡು ಸೀಸದ್ದಲ್ಲ, ಚನ್ನಪಟ್ಟಣದ ಬೊಂಬೆ ಕೆಲಸದವರು ಕಡೆದುಕೊಟ್ಟ ಮರದ್ದು. ಪೊಲೀಸರಿಗೆ ಫೋನ್ ಮಾಡಲು ಎದ್ದವರು ಕೂತುಕೊಳ್ಳಬಹುದು.

ಒಂದು ಗೃಹಪ್ರವೇಶದ ಊಟ. ಎಲೆಗೆ ತುಪ್ಪ ಬೀಳುವ ಹೊತ್ತಿಗೆ ಎದುರು ಸಾಲಿನ ಹಿರಿಯರೊಬ್ಬರು ಇಡೀ ಪಂಕ್ತಿಗೆ ಕೇಳುವಂತೆ, "ಅಲ್ಲಪ್ಪಾ, ಅದಕ್ಕೆ ದನದ ಕೊಬ್ಬು ಎಲ್ಲಿಂದ ತರ್ತೀಯಾ?" ಅಂದರು. ಪಕ್ಕದವರು ತಮ್ಮ ಎಲೆಯನ್ನು ಮೆಲ್ಲಗೆ ಆಚೆ ಎಳೆದುಕೊಂಡರು. ತುಪ್ಪದ ಹುಡುಗ ನನ್ನನ್ನು ಬಿಟ್ಟು ಮುಂದೆ ಹೋದ. ಹಾಕ್ತೀಯಾ ಅಂತ ಕೇಳಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಎಲ್ಲಿಂದ ಅಂದರೆ, ನಾನು ತರುವುದು ಗ್ಯಾರಂಟಿ, ಅಂಗಡಿ ಯಾವುದು ಅಂತಷ್ಟೇ ಅನುಮಾನ!

ಇನ್ನೊಂದು ಜಾತಿಯವರು ಓದಿಕೊಂಡವರು. "ಅದೆಲ್ಲ ಗಾಳಿಸುದ್ದಿ ತಾನೇ? ಅಷ್ಟಕ್ಕೆಲ್ಲ ದಂಗೆ ಎದ್ದರಾ?" ಇವರ ಕೈಗೆ ಸುಮ್ನೆ ಒಂದು ತೋಟಾ ಕೊಡುತ್ತೇನೆ. ಬೆರಳುದ್ದ ಇರುತ್ತದೆ. ಒಂದು ತುದಿಯಲ್ಲಿ ಗುಂಡು, ಅದರ ಮೂತಿ ಒಳಕ್ಕೆ, ಮದ್ದಿನ ಕಡೆಗೆ. ಇನ್ನೊಂದು ತುದಿ ತಿರುಚಿದ ಕಾಗದ. ಸಿಪಾಯಿ ಆ ತಿರುಚಿದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿಯಬೇಕು. ಆಮೇಲೆ ತೋಟಾ ತಿರುಗಿಸಿ, ಗುಂಡನ್ನು ಕಾಗದ ಸಮೇತ ನಳಿಗೆಯ ಬಾಯಿಗೆ ತೂರಿಸಿ, ಮಿಕ್ಕ ಕಾಗದ ಕಿತ್ತೆಸೆದು, ಗಜದಿಂದ, ಅಂದರೆ ಉದ್ದನೆಯ ಸರಳಿನಿಂದ, ಒಳಕ್ಕೆ ದೂಡಬೇಕು. ನಮ್ಮ ಮಲೆನಾಡಿನ ಕೇಪಿನ ಕೋವಿಗೆ ಈ ರಗಳೆಯೇ ಇಲ್ಲ. ಮದ್ದು ಸುರಿ, ನಾರು ತುರುಕು, ಚರೆ ಹಾಕು, ಮುಗಿಯಿತು.

ಕೊಬ್ಬು ಸವರುವುದು ಗುಂಡಿನ ತುದಿಗೆ, ಕಾಗದ ಜಾರಲಿ ಅಂತ. ಕಚ್ಚುವುದು ಎದುರು ತುದಿಯನ್ನು. ಓದಿಕೊಂಡವರು ಇಲ್ಲಿಗೆ ನಿಲ್ಲಿಸಿ "ನೋಡಿದಿರಾ?" ಅನ್ನುತ್ತಾರೆ. ಏಪ್ರಿಲ್‌ನಲ್ಲಿ ನನ್ನ ಡಬ್ಬಿ ತೆಗೆದು ನೋಡಿ ಸ್ವಾಮಿ. ಎಣ್ಣೆ ಕಾಗದಕ್ಕೆ ಏರಿ ಆ ತುದಿವರೆಗೂ ಕಲೆ ಮಾಡಿರುತ್ತದೆ.

ಕಲ್ಕತ್ತಾದ ಹತ್ತಿರದ ಡಮ್‌ಡಮ್‌ನಲ್ಲಿ ಈ ಮಾತು ಎದ್ದದ್ದು 1857ರ ಜನವರಿಯಲ್ಲಿ. ಆಗ ಪ್ರಾಣಿ ಕೊಬ್ಬು ಬಳಸಿದ್ದು ನಿಜ. ಯಾವ ಪ್ರಾಣಿಯದ್ದು ಅಂತ ವಿಶೇಷ ಎಚ್ಚರ ವಹಿಸಿರಲಿಲ್ಲ ಅನ್ನುವುದನ್ನು ಮದ್ದುಗುಂಡು ಇಲಾಖೆಯೇ ಒಪ್ಪಿಕೊಂಡಿತು. ನಿಮಗೆ ಬೇಕಾದ್ದನ್ನು ನೀವೇ ಸವರಿಕೊಳ್ಳಿ ಅಂತ ಅದೇ ತಿಂಗಳ ಕೊನೆಗೆ ಸರ್ಕಾರ ಹೇಳಿತು. ಅಷ್ಟರಲ್ಲಿ ಅನುಮಾನ ಕಾಗದಕ್ಕೇ ಹತ್ತಿತ್ತು, ಇದೇಕೆ ಇಷ್ಟು ಹೊಳೆಯುತ್ತದೆ ಅಂತ. ಹಾಗಾದರೆ ಕಚ್ಚಬೇಡಿ, ಕೈಯಲ್ಲಿ ಹರಿಯಿರಿ ಅಂದರು. ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಸವಾರರು ತೋಟಾ ಮುಟ್ಟಲ್ಲ ಅಂದರಲ್ಲ, ಅವರಿಗೆ ಅವತ್ತು ಕೊಟ್ಟದ್ದು ಹಳೇ ತೋಟಾಗಳೇ. ಎನ್‌ಫೀಲ್ಡ್ ಅವರ ಕೈಗೆ ಬಂದೇ ಇರಲಿಲ್ಲ. ಯಾವ ಕೊಬ್ಬು ಅಂತ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಚೀಟಿ ಕೊಟ್ಟಿದ್ದರೂ ಯಾರೂ ನಂಬುತ್ತಿರಲಿಲ್ಲ.

ಕೊಬ್ಬಿನ ವಿಷಯ ಇಲ್ಲಿಗೆ ಸಾಕು. ಇದನ್ನು ಸುತ್ತುತ್ತಿದ್ದವರು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ ನೋಡಿ.

ಒಂದು ಎನ್‌ಫೀಲ್ಡ್ ತೋಟಾಕ್ಕೆ ಮೂರು ತುಂಡು ಕಾಗದ. ಕೋಲಿಗೆ ಬಿಗಿಯಾಗಿ ಸುತ್ತಿ, ಅಂಚು ಮಡಚಿ ಒಳಕ್ಕೆ ಒತ್ತಬೇಕು. ಸ್ವಲ್ಪ ಸಡಿಲವಾದರೂ ಗುಂಡು ಜಾರಿ ಬೀಳುತ್ತದೆ. ನನ್ನಂಥ ದಪ್ಪ ಬೆರಳಿನವರಿಗೆ ಹೇಳಿ ಮಾಡಿಸಿದ ಕೆಲಸ ಅಲ್ಲ. ಲಂಡನ್ನಿನ ವುಲಿಚ್ ಕಾರ್ಖಾನೆಯಲ್ಲಿ ಇದಕ್ಕೆ ಹುಡುಗರನ್ನು ಇಟ್ಟುಕೊಂಡಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ಹೆಣ್ಣುಮಕ್ಕಳು. ಕೈ ಚುರುಕು, ಸಂಬಳ ಕಮ್ಮಿ. ಸುತ್ತಲೂ ಮದ್ದಿನ ಪುಡಿ ಚೆಲ್ಲಿರುತ್ತಿತ್ತು. 1862ರ ಸೆಪ್ಟೆಂಬರ್ 17ರಂದು ಪಿಟ್ಸ್‌ಬರ್ಗ್‌ನ ಅಲೆಘೆನಿ ಆಯುಧಾಗಾರ ಸಿಡಿದು 78 ಜನ ಸತ್ತರು, ಹೆಚ್ಚಿನವರು ಹುಡುಗಿಯರು. ಅದೇ ದಿನ ಆಂಟೀಟಂ ಎಂಬಲ್ಲಿ ದೊಡ್ಡ ಕಾಳಗ ನಡೆದಿದ್ದರಿಂದ ಪೇಪರುಗಳಿಗೆ ಇದು ಚಿಕ್ಕ ಸುದ್ದಿಯಾಯಿತು. ಮುಂದಿನ ಮಾರ್ಚ್‌ನಲ್ಲಿ ಎದುರು ಪಕ್ಷದ ರಿಚ್ಮಂಡ್‌ನಲ್ಲೂ ಹೀಗೇ ಆಗಿ 40ಕ್ಕೂ ಹೆಚ್ಚು ಜನ ಹೋದರು. 1864ರ ಜೂನ್‌ನಲ್ಲಿ ವಾಷಿಂಗ್ಟನ್‌ನಲ್ಲಿ 21 ಹೆಂಗಸರು. ಅವರ ಶವಯಾತ್ರೆಗೆ ಲಿಂಕನ್ ಬಂದಿದ್ದ.

ಇವರ ಬಗ್ಗೆ ಕೇಳಿ, ಊಟದ ಮಧ್ಯೆ ಬೇಕಾದರೂ ಎದ್ದು ಬಂದು ಹೇಳುತ್ತೇನೆ. ಎಷ್ಟಕ್ಕೆ ಮಾರ್ತೀರಾ ಅಂತ ಮಾತ್ರ ಬೇಡ. ಮಾರುವುದಿಲ್ಲ. ಶಾಲೆಗೆ ಬೇಕಿದ್ದರೆ ಸುಮ್ನೆ ಕೊಡುತ್ತೇನೆ, ಗಾಜಿನ ಪೆಟ್ಟಿಗೆ ನೀವೇ ತನ್ನಿ.