ಬಿಸಿಲು ಕಾಪಿಟ್ಟ ಕಲ್ಲು: ಮಲ್ಪೆಯಿಂದ ಸೇಂಟ್ ಮೇರಿಸ್‌ಗೆ

ಮಲ್ಪೆಯಲ್ಲಿ ಬೋಟು ತುಂಬುವವರೆಗೆ ಕಾದು ಕೂತೆವು. ಡಿಸೆಂಬರಾದರೂ ಹನ್ನೊಂದಕ್ಕೇ ಬೆವರು. ದ್ವೀಪಕ್ಕೆ ಇಳಿದರೆ ಮರಳಿಗಿಂತ ಚಿಪ್ಪೇ ಹೆಚ್ಚು, ಹೆಜ್ಜೆ ಇಟ್ಟಲ್ಲೆಲ್ಲ ಚರಪರ ಸದ್ದು. ಮಗಳು ಚಪ್ಪಲಿ ಕಳಚಿ ಕಂಬಗಲ್ಲು ಹತ್ತಿದವಳು ಒಂದೇ ನೆಗೆತಕ್ಕೆ ಕೆಳಗಿಳಿದಳು.

"ಅಪ್ಪ, ಕಾದ ಕಾವಲಿ ಇದು!"

ಸುಮಾರು 8.8 ಕೋಟಿ ವರ್ಷದ ಹಿಂದೆ ಹರಿದ ಲಾವಾ ಆರುತ್ತಾ ಕುಗ್ಗಿ, ಬಿರಿದು ಆದ ಕಂಬಗಳಿವು. ಹೆಚ್ಚಿನವಕ್ಕೆ ಐದಾರು ಮೂಲೆ, ಅಳತೆ ಹಿಡಿದು ಕಡಿದಂತೆ. ನಾನು ಒಂದರ ಅಂಚನ್ನು ಬೆರಳಲ್ಲಿ ಸವರುತ್ತಾ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ಸಂಜೆ ಕೊನೆಯ ಬೋಟಿಗೆ ಕಾಯುವಾಗ ಭಾವ ನನ್ನ ಕೈ ಹಿಡಿದು ನೆರಳಾದ ಬಂಡೆಯ ಮೇಲೆ ಇಟ್ಟರು. ಇನ್ನೂ ಬೆಚ್ಚಗಿತ್ತು.

"ಬಚ್ಚಲ ಹಂಡೆ ಹಾಗೆಯೇ ಅಲ್ವ? ಬೆಳಿಗ್ಗೆ ಉರಿ ಹಾಕಿದ್ರೆ ಮಧ್ಯಾಹ್ನಕ್ಕೂ ನೀರು ಬಿಸಿ ಉಂಟು" ಎಂದರು. ಅವರು ರಾಜಸ್ಥಾನದ ಅಬು ರೋಡ್‌ಗೆ ಹೋಗಿ ಬ್ರಹ್ಮಕುಮಾರಿಯರ 'ಇಂಡಿಯಾ ಒನ್' ಸೌರ ವಿದ್ಯುತ್ ಸ್ಥಾವರ ನೋಡಿ ಬಂದವರು. ಅಲ್ಲಿ 770 ಕನ್ನಡಿ ಬೋಗುಣಿಗಳು, ಒಂದೊಂದೂ 60 ಚದರ ಮೀಟರ್. ಅವು ಬಿಸಿಲನ್ನು ಬೀಡು ಕಬ್ಬಿಣದ ಗಟ್ಟಿಗೆ ಕೇಂದ್ರೀಕರಿಸುತ್ತವೆ. ಆ ಕಾವಿನಿಂದ ಸೂರ್ಯ ಮುಳುಗಿದ ಮೇಲೂ ಹಬೆ ಎಬ್ಬಿಸಿ ಟರ್ಬೈನ್ ತಿರುಗಿಸಬಹುದು. 16 ಗಂಟೆಗಾಗುವಷ್ಟು ಶಾಖ ಹಿಡಿಯುವಂತೆ ಕಟ್ಟಿದ್ದಾರೆ. ಸ್ಪೇನಿನ ಸೆವಿಲ್ ಬಳಿ 2011ರಲ್ಲಿ ಶುರುವಾದ ಹೆಮಾಸೊಲಾರ್ ಸ್ಥಾವರದಲ್ಲಿ ಶಾಖ ಹಿಡಿದಿಡುವ ಅದೇ ಕೆಲಸಕ್ಕೆ ಕರಗಿದ ಉಪ್ಪು. ಅಡುಗೆ ಉಪ್ಪಲ್ಲ, ಸೋಡಿಯಂ ಮತ್ತು ಪೊಟ್ಯಾಸಿಯಂ ನೈಟ್ರೇಟ್‌ಗಳ ಮಿಶ್ರಣ. ಒಂದು ಟ್ಯಾಂಕಿನಲ್ಲಿ 290 ಡಿಗ್ರಿ, ಇನ್ನೊಂದರಲ್ಲಿ 565. ತೀರಾ ತಣಿದರೆ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ, ಅದೇ ದೊಡ್ಡ ತಲೆಬಿಸಿ.

"ನಮ್ಮೂರಲ್ಲಿ ಯಾಕಿಲ್ಲ ಭಾವ?"

"ಕನ್ನಡಿಗೆ ನೇರ ಬಿಸಿಲೇ ಬೇಕು ಮಾರಾಯ. ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ದಿನವೂ ಕಡಲ ತೇವ. ಮೋಡದಲ್ಲಿ ಚದುರಿದ ಬೆಳಕನ್ನು ಸೋಲಾರ್ ಪ್ಯಾನೆಲ್ ಹಿಡಿದುಕೊಳ್ತದೆ, ಕನ್ನಡಿ ಹಿಡಿಯೋದಿಲ್ಲ."

ಆಮೇಲೆ ದುಡ್ಡಿನ ಮಾತು. 2010ರಿಂದ 2023ರ ನಡುವೆ ಜಗತ್ತಿನಲ್ಲಿ ಕನ್ನಡಿ ಸ್ಥಾವರಗಳ ವಿದ್ಯುತ್ ವೆಚ್ಚ ಸುಮಾರು ಶೇ. 70 ಇಳಿಯಿತು. ಪ್ಯಾನೆಲ್‌ನದ್ದು ಶೇ. 90ರ ಹತ್ತಿರ ಕುಸಿಯಿತು. ಬಂಡವಾಳ ಹಾಕುವವರು ಪ್ಯಾನೆಲ್ ಕಡೆ ಓಡಿದರು. ಅವರನ್ನು ದೂರಲಾರೆ, ಆದರೆ ಆ ಲೆಕ್ಕ ನನಗೆ ಅರ್ಧವೆನಿಸುತ್ತದೆ. ಪ್ಯಾನೆಲ್‌ನ ಅಗ್ಗದ ಯೂನಿಟ್ ಮಧ್ಯಾಹ್ನದ್ದು. ರಾತ್ರಿಗೆ ಬೇಕೆಂದರೆ ಬ್ಯಾಟರಿಯ ಬೆಲೆಯನ್ನೂ ಸೇರಿಸಬೇಕು. ಉಪ್ಪಿನ ಸ್ಥಾವರದ ದುಬಾರಿ ಯೂನಿಟ್‌ನೊಳಗೆ ಕತ್ತಲ ಹೊತ್ತಿನ ಪಾಲೂ ಸೇರಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಮೊದಲು ಯಾವ ಹೊತ್ತಿನ ಯೂನಿಟ್ ಎಂದು ಕೇಳಲೇಬೇಕು. ಬ್ಯಾಟರಿಯೂ ಈಗ ವೇಗವಾಗಿ ಅಗ್ಗವಾಗುತ್ತಿದೆ, ಅದನ್ನು ಭಾವನೂ ಒಪ್ಪಿದರು.

ಬೋಟು ಮಲ್ಪೆ ಮುಟ್ಟುವಾಗ ಸೂರ್ಯ ನೀರಿಗೆ ಇಳಿದಾಗಿತ್ತು. ಚಹಾ ಕುಡಿದು ಹೊರಡುವಾಗ ಏಳು ಗಂಟೆ. ಬಂದರಿನ ದೀಪಗಳೆಲ್ಲ ಹತ್ತಿದ್ದವು, ಕಡಲಿಗೆ ಹೊರಟ ಬೋಟೊಂದರ ಹೊಟ್ಟೆಗೆ ಐಸ್ ಪುಡಿ ಸುರಿಯುತ್ತಿತ್ತು, ಯಂತ್ರದ ಗರಗರ ದೂರಕ್ಕೂ ಕೇಳುತ್ತಿತ್ತು. ಭಾವ ಅಲ್ಲೇ ನಿಂತು ಗಡಿಯಾರ ನೋಡಿ, "ಈ ಹೊತ್ತಿನದ್ದು" ಎಂದರು.